'ಡಿಸ್‌ಗಸ್ಟಿಂಗ್' ಎಂಬ ವಿಶೇಷಣವೂ ಕನ್ನಡದ ಹೇಸಿಗೆಯೂ

ಕೆಲವು ವರ್ಷಗಳ ಹಿಂದೆ ಜಯನಗರದ ಒಂದು ಕಾಲೇಜಿನಲ್ಲಿ ಭಾಷಾಂತರದ ಅಭ್ಯಾಸಕ್ಕೆಂದು ನಾವು ಒಂದು ಸಣ್ಣ ಇಂಗ್ಲಿಷ್ ಗದ್ಯಖಂಡವನ್ನು ಬರೆದುಕೊಟ್ಟಿದ್ದೆವು. ಬಿ.ಟಿ.ಎಂ. ಬಡಾವಣೆಯಲ್ಲಿ ಮಳೆಗಾಲದ ಒಂದು ದಿನ ಕಟ್ಟಿಕೊಂಡ ಒಳಚರಂಡಿಯನ್ನು ಬಿಡಿಸುತ್ತಿದ್ದ ಕೆಲಸಗಾರರನ್ನು ಕುರಿತ ನಾಲ್ಕೈದು ವಾಕ್ಯಗಳು ಅದರಲ್ಲಿದ್ದವು. ಅವುಗಳಲ್ಲೊಂದು ಆ ಕೆಲಸಕ್ಕೆ 'ಡಿಸ್‌ಗಸ್ಟಿಂಗ್' ಎಂಬ ವಿಶೇಷಣವನ್ನು ಹಚ್ಚಿ ಮುಗಿಯುತ್ತಿತ್ತು. ತರಗತಿಯ ಹೆಚ್ಚಿನವರು 'ಆ ಕೆಲಸ ಅಸಹ್ಯಕರವಾಗಿತ್ತು' ಎಂದು ಬರೆದರು. ಸಂಸ್ಕೃತದ ಪರಿಚಯವಿದ್ದ ಒಬ್ಬಿಬ್ಬರು 'ಜುಗುಪ್ಸಾಕರವಾಗಿತ್ತು' ಎಂದರು. ಒಬ್ಬ ವಿದ್ಯಾರ್ಥಿನಿ ಮಾತ್ರ 'ಆ ಕೆಲಸ ನೋಡುವವರಿಗೆ ಹೇಸಿಗೆಯಾಗುವಂತಿತ್ತು' ಎಂದು ಬರೆದಿದ್ದಳು. ಮೂಲದಲ್ಲಿ 'ನೋಡುವವರಿಗೆ' ಎಂಬ ಮಾತಿಗೆ ಆಧಾರವಿರಲಿಲ್ಲ. ಇಲ್ಲದುದನ್ನು ತಂದು ಸೇರಿಸುವುದು ಭಾಷಾಂತರಕಾರನ ದೋಷವೆಂದು ನಾವು ಆ ಪದದ ಕೆಳಗೆ ಕೆಂಪು ಗೆರೆ ಎಳೆದು ಅಂಕ ಕಳೆದೆವು.

ಹಾಗೆ ಕಳೆದದ್ದು ಸರಿಯೆ ಎಂಬ ಶಂಕೆ ಅಂದಿನಿಂದಲೂ ನಮ್ಮನ್ನು ಬಿಟ್ಟಿಲ್ಲ. ಪ್ರಕೃತ ಲೇಖನ ಆ ಶಂಕೆಯ ವಿಚಾರಣೆ.

ಮೊದಲು ಇಂಗ್ಲಿಷ್ ಪದವನ್ನು ನೋಡೋಣ. ಅದರ ಮೂಲ ಲ್ಯಾಟಿನ್ನಿನ 'ಗುಸ್ಟುಸ್', ಅಂದರೆ ರುಚಿ. ಅದಕ್ಕೆ ನಿಷೇಧಾರ್ಥದ ಉಪಸರ್ಗ ಸೇರಿ, ಫ್ರೆಂಚಿನ ಮೂಲಕ ಹಾದು, 16ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷಿಗೆ ಬಂತು. ಧಾತ್ವರ್ಥವನ್ನೇ ಹಿಡಿದರೆ 'ಅರುಚಿ' ಎಂದಷ್ಟೇ ಆಗುತ್ತದೆ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಈ ಪದವೇ ಇಲ್ಲ. ಹೇಸಿಗೆಯ ಚಿತ್ರಗಳು ಮಾತ್ರ ಅಲ್ಲಿ ಧಾರಾಳವಾಗಿವೆ. ಆಮೇಲೆಯೂ ಬಹುಕಾಲ ಪದದ ಬಲ ಸೌಮ್ಯವಾಗಿಯೇ ಇತ್ತು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ಡಾರ್ಸಿಯ ಬಿಂಕದ ನಡವಳಿಕೆ ನೃತ್ಯಕೂಟದಲ್ಲಿದ್ದವರಿಗೆ ಉಂಟುಮಾಡುವ ಭಾವಕ್ಕೆ ಇದೇ ನಾಮಪದ ಬಳಕೆಯಾಗಿದೆ. ಅಲ್ಲಿ ಅದನ್ನು 'ಹೇಸಿಗೆ' ಎಂದು ಅನುವಾದಿಸಿದರೆ ಡಾರ್ಸಿಗೆ ಅನ್ಯಾಯವಾಗುತ್ತದೆ. 'ಬೇಸರ', ಹೆಚ್ಚೆಂದರೆ 'ಅಸಮಾಧಾನ' ಎನ್ನಬೇಕು. ಇಂದಿನ ತೀವ್ರಾರ್ಥ ಕ್ರಮೇಣ ಬಲಿತದ್ದು. ನಮ್ಮ ಬಡಾವಣೆಗಳ ಹುಡುಗರು ಆರಿದ ಕಾಫಿಗೂ ತಡವಾಗಿ ಬಂದ ಬಸ್ಸಿಗೂ ಇದೇ ಪದವನ್ನು ಎಸೆಯುವುದನ್ನು ಕೇಳಿದರೆ, ಅದು ಮತ್ತೆ ತನ್ನ ಬಾಲ್ಯಕ್ಕೆ ಮರಳುತ್ತಿದೆಯೋ ಏನೋ ಎನ್ನಿಸುತ್ತದೆ.

ಅರ್ಥದ ಬಲಕ್ಕಿಂತ ಪದದ ವ್ಯಾಕರಣ ನಮಗೆ ಮುಖ್ಯ. ವಿಶೇಷಣವಾದಾಗ ಈ ಪದ ಹೇಸಿಗೆಯನ್ನು ಹೇಸುವವನಿಂದ ಬಿಡಿಸಿ ವಸ್ತುವಿಗೆ ಅಂಟಿಸುತ್ತದೆ. ಹೂವು ಕೆಂಪು, ಕಲ್ಲು ಗಟ್ಟಿ ಎನ್ನುವಂತೆ ಆ ಕೆಲಸ 'ಡಿಸ್‌ಗಸ್ಟಿಂಗ್' ಎಂದಾಗುತ್ತದೆ. ಯಾರ ನಾಲಗೆಗೆ ಅರುಚಿ, ಯಾರ ಮೂಗಿಗೆ ನಾತ ಎಂಬ ಪ್ರಶ್ನೆಗೆ ವಾಕ್ಯದಲ್ಲಿ ಸ್ಥಳವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಆ ಸ್ಥಳವನ್ನು ಒದಗಿಸುವುದು ಅಸಾಧ್ಯವೆಂದು ನಾವು ಹೇಳುತ್ತಿಲ್ಲ. ಒದಗಿಸದಿದ್ದರೂ ವಾಕ್ಯ ಪೂರ್ಣವಾಗಿಯೇ ತೋರುತ್ತದೆ ಎಂಬುದಷ್ಟೇ ನಮ್ಮ ಮಾತು.

ಆ ಸ್ಥಳವನ್ನು ತೆರೆದಿಟ್ಟ ಒಬ್ಬ ಇಂಗ್ಲಿಷ್ ಲೇಖಕನನ್ನು ಇಲ್ಲಿ ನೆನೆಯಬೇಕು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ ತನ್ನ ಯಾತ್ರೆಯ ಒಂದು ಪ್ರಸಂಗವನ್ನು ಹೇಳುತ್ತಾನೆ. ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಅವನು ಕೆಡದಂತೆ ಕಾಪಿಟ್ಟ ತಣ್ಣನೆಯ ಮಾಂಸವನ್ನು ತಿನ್ನುತ್ತಿದ್ದ. ಅಲ್ಲಿಯ ನಿವಾಸಿಯೊಬ್ಬ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಅದರ ಮೆತುವಿಗೆ ಹೇಸಿಕೊಂಡ. ಅವನು ಮುಟ್ಟಿದ್ದಕ್ಕೆ ಡಾರ್ವಿನ್ ಹೇಸಿಕೊಂಡ. ಆ ಮನುಷ್ಯನ ಕೈ ಕೊಳಕಾಗಿ ಕಾಣುತ್ತಿರಲಿಲ್ಲವೆಂದೂ ಅವನೇ ಒಪ್ಪುತ್ತಾನೆ. ಮಾಂಸ ಒಂದೇ, ಹೇಸಿಗೆ ಎರಡು. ಒಂದು ವಸ್ತುವಿನ ಮೇಲಿನದು, ಇನ್ನೊಂದು ಮುಟ್ಟಿದವನ ಮೇಲಿನದು. ಕೈ ಶುಭ್ರವಾಗಿದ್ದರೂ ಹುಟ್ಟುವ ಈ ಎರಡನೆಯ ಹೇಸಿಗೆಯನ್ನು ವಿವರಿಸಲು ನಮ್ಮ ದೇಶದ ಓದುಗರಿಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಇನ್ನು ಕನ್ನಡಕ್ಕೆ ಬರೋಣ. ಸಂಸ್ಕೃತದಿಂದ ಬಂದ ಪದಗಳಲ್ಲಿ 'ಜುಗುಪ್ಸೆ' ಮತ್ತು 'ಬೀಭತ್ಸ' ಎರಡೂ ಸನ್ನಂತ ರೂಪದವು. ಮೊದಲನೆಯದು ಕಾಪಾಡು ಎಂಬ ಅರ್ಥವೂ ಉಳ್ಳ 'ಗುಪ್' ಧಾತುವಿನಿಂದ, ಎರಡನೆಯದು 'ಬಧ್' ಧಾತುವಿನಿಂದ. ಪಾಣಿನಿ ಇವನ್ನು ಅಕ್ಕಪಕ್ಕದ ಸೂತ್ರಗಳಲ್ಲಿಯೇ ಸಾಧಿಸುತ್ತಾನೆ. ಸನ್ ಪ್ರತ್ಯಯ ಸಾಮಾನ್ಯವಾಗಿ ಇಚ್ಛೆಯನ್ನು ಹೇಳುತ್ತದೆ. ಇಲ್ಲಿ ಆ ಇಚ್ಛಾರ್ಥ ಇಲ್ಲವೆಂದು ವೈಯಾಕರಣರು ಎಚ್ಚರಿಸಿದರೂ, ತನ್ನನ್ನು ಕಾಪಾಡಿಕೊಳ್ಳುವವನ ನೆರಳು 'ಜುಗುಪ್ಸೆ'ಯ ಹಿಂದೆ ಸುಳಿಯುವುದನ್ನು ನಾವು ಕಾಣದಿರಲಾರೆವು. 'ಹೇಯ' ಎಂದರೆ ಬಿಡತಕ್ಕದ್ದು. 'ಅಸಹ್ಯ' ಎಂದರೆ ಸಹಿಸಲಾಗದ್ದು; ಸಂಸ್ಕೃತದಲ್ಲಿ ನೋವೂ ಬಿಸಿಲೂ ವಿರಹವೂ ಅಸಹ್ಯವಾಗಬಹುದು. ಇಂದಿನ ಕನ್ನಡದಲ್ಲಿ ಹಾಗಾಗದು. 'ನನ್ನ ತಲೆನೋವು ಅಸಹ್ಯವಾಗಿದೆ' ಎಂದು ಬನಶಂಕರಿಯ ಯಾವ ವೈದ್ಯರ ಮುಂದೆ ಹೇಳಿದರೂ ಅವರು ತಬ್ಬಿಬ್ಬಾಗುತ್ತಾರೆ. ಆ ಅರ್ಥವನ್ನು ನಾವು 'ಅಸಹನೀಯ'ಕ್ಕೆ ಒಪ್ಪಿಸಿ, 'ಅಸಹ್ಯ'ವನ್ನು ಹೇಸಿಗೆಗೇ ಮೀಸಲಿಟ್ಟಿದ್ದೇವೆ. 'ನಾತ', 'ವಾಸನೆ'ಗಳ ಗತಿಯೂ ಇಂಥದೇ. ಹಳಗನ್ನಡದಲ್ಲಿ ಹೂವೂ ನಾರುತ್ತಿತ್ತು. ಈಗ ನಾರುವುದು ಚರಂಡಿ ಮಾತ್ರ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಮೊದಲ ಅಕ್ಷರಗಳಿಂದಾದ ಬಡಾವಣೆಯಲ್ಲಿ 'ವಾಸನೆ ಬರುತ್ತಿದೆ' ಎಂದು ಯಾರಾದರೂ ಹೇಳಿದರೆ ತಾವರೆಯನ್ನು ನೆನೆಯುವವರು ಯಾರೂ ಇಲ್ಲ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅಚ್ಚಗನ್ನಡದ 'ಹೇಸು', ಹಳಗನ್ನಡದ 'ಪೇಸು'. ಇದು ಗುಣವಾಚಕವಲ್ಲ, ಕ್ರಿಯಾಪದ. ಹೇಸುವವನೊಬ್ಬನಿಲ್ಲದೆ ಈ ಕ್ರಿಯೆ ನಡೆಯದು. ಇದರಿಂದಾದ ಭಾವನಾಮ 'ಹೇಸಿಗೆ'ಯನ್ನು ಬಳಸುವಾಗಲೂ ಕನ್ನಡದ ಸಹಜ ವಾಕ್ಯ ಚತುರ್ಥೀ ವಿಭಕ್ತಿಯನ್ನು ಬೇಡುತ್ತದೆ. ನನಗೆ ಹಸಿವಾಯಿತು, ಅವಳಿಗೆ ಸಿಟ್ಟು ಬಂತು ಎನ್ನುವಂತೆಯೇ ನನಗೆ ಹೇಸಿಗೆಯಾಯಿತು ಎನ್ನುತ್ತೇವೆ. 'ಗೆ' ಪ್ರತ್ಯಯ ಹೇಸಿಗೆಗೆ ಒಂದು ವಿಳಾಸವನ್ನು ಕೊಡುತ್ತದೆ. 'ಹೇಸಿಗೆ' ಎಂಬುದು ಮಲಕ್ಕೂ ಕೊಳೆಗೂ ಹೆಸರಾಗಿ, ವಸ್ತುವಾಚಕವಾಗಿಯೂ ಬಳಕೆಯಲ್ಲಿದೆ ಎಂಬುದನ್ನು ನಾವು ಮರೆತಿಲ್ಲ. ಭಾವವು ವಸ್ತುವಾಗಿ ಗಟ್ಟಿಗೊಳ್ಳುವ ಪ್ರವೃತ್ತಿ ಕನ್ನಡಕ್ಕೂ ಇದೆ. ಆದರೆ ಕ್ರಿಯಾಪದ ಇನ್ನೂ ಬದುಕಿದೆ.

ಆ ಕ್ರಿಯಾಪದದ ನಿಷೇಧರೂಪವನ್ನು ಗಮನಿಸಬೇಕು. 'ಅವನು ಸುಳ್ಳು ಹೇಳಲು ಹೇಸುವುದಿಲ್ಲ', 'ಲಂಚಕ್ಕೆ ಕೈಯೊಡ್ಡಲು ಹೇಸದವನು', 'ಕೊಲೆಗೂ ಹೇಸದ ಜನ' ಎಂಬ ಮಾತುಗಳು ಪತ್ರಿಕೆಯ ಭಾಷೆಯಲ್ಲಿಯೂ ಮನೆಯ ಭಾಷೆಯಲ್ಲಿಯೂ ದಿನಬಳಕೆಯವು. ಇಲ್ಲಿ ಹೇಸಿಗೆ ಹೊರಗಿನ ಕೊಳಕನ್ನು ಕಂಡಾಗಿನ ಮುಖವಿಕಾರವಲ್ಲ. ತಾನೇ ಮಾಡಹೊರಟ ಕೃತ್ಯದಿಂದ ತನ್ನನ್ನು ಹಿಂದಕ್ಕೆಳೆಯುವ ಶಕ್ತಿ ಅದು. ಹೇಸುವುದು ಗುಣ, ಹೇಸದಿರುವುದು ದೋಷ. 'ಡಿಸ್‌ಗಸ್ಟಿಂಗ್' ಎಂಬ ಪದಕ್ಕೆ ಈ ಒಳಮುಖವಾದ ಬಳಕೆ ಒಗ್ಗದು. ಅದು ಎದುರಿಗಿದ್ದುದರ ಕಡೆಗೆ ಬೆರಳು ತೋರುವ ಪದ. ಆದ್ದರಿಂದ 'ಹೇಸಿಗೆ' ಆ ಪದದ ಪರ್ಯಾಯ ಎಂದಷ್ಟೇ ಹೇಳಿ ಮುಂದೆ ಹೋಗುವುದು ಸಾಲದು.

ನಿಘಂಟುಗಳು ಇಂಥ ವಿವೇಚನೆಯನ್ನು ಮಾಡಬೇಕೆಂದು ನಾವು ಅಪೇಕ್ಷಿಸುವುದಿಲ್ಲ. 1894ರ ಕಿಟ್ಟೆಲರ ಕೋಶದಿಂದ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಿನವರೆಗೆ, ಅಲ್ಲಿಂದ ಇಂದಿನವರೆಗೆ, ಕೋಶಕಾರನ ಕೆಲಸ ಒಂದು ಪದದ ಎದುರಿಗೆ ಇನ್ನೊಂದನ್ನು ನಿಲ್ಲಿಸುವುದು. ಜಯನಗರದಲ್ಲಿಯೇ ಬಹುಕಾಲ ನೆಲಸಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಇಷ್ಟು ನಿಘಂಟುಗಳನ್ನು ಕಟ್ಟಿದ ಮೇಲೆಯೂ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣವನ್ನು ವರ್ಷಗಟ್ಟಲೆ ಬರೆಯಬೇಕಾಯಿತೆಂದರೆ, ಪದಕ್ಕೆ ಪದವನ್ನು ಕೊಟ್ಟಮೇಲೆ ಉಳಿಯುವ ಪ್ರಶ್ನೆಗಳು ಎಷ್ಟೆಂಬುದು ತಿಳಿಯುತ್ತದೆ. ಉಳಿದುದನ್ನು ಹುಡುಕಬೇಕಾದ ಸ್ಥಳ ಕಾವ್ಯ.

ಭರತನು ಜುಗುಪ್ಸೆಯನ್ನು ಸ್ಥಾಯಿಭಾವಗಳಲ್ಲಿ ಸೇರಿಸಿ, ಅದರಿಂದ ಬೀಭತ್ಸರಸ ನಿಷ್ಪನ್ನವಾಗುತ್ತದೆ ಎಂದನು. ರಸವೆಂದರೆ ಆಸ್ವಾದಿಸಲ್ಪಡುವುದು, ಪಾಕದ ಉಪಮೆಯಿಂದಲೇ ಅವನು ಅದನ್ನು ವಿವರಿಸುತ್ತಾನೆ. ಇಂಗ್ಲಿಷ್ ಪದ ಯಾವುದನ್ನು ಅರುಚಿಯೆಂದು ದೂರವಿಟ್ಟಿತೋ ಅದನ್ನೇ ನಮ್ಮ ಲಾಕ್ಷಣಿಕರು ಸಹೃದಯನ ನಾಲಗೆಗೆ ಬಡಿಸಿದರು! ಇದು ಹೇಗೆ ಸಾಧ್ಯ? ಹೇಸುವವನು ಬೇರೆ, ಆಸ್ವಾದಿಸುವವನು ಬೇರೆ ಎಂಬ ವಿವೇಕ ಇದ್ದುದರಿಂದ ಸಾಧ್ಯ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ಹಾಯುವ ಭಾಗವನ್ನು ಎಲ್ಲ ಅಧ್ಯಾಪಕರೂ ಬೀಭತ್ಸಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನೆತ್ತರು, ಹೆಣ, ಅಣಕಿಸುವ ಮರುಳುಗಳು, ಎಲ್ಲವೂ ಅಲ್ಲಿವೆ. ಆದರೆ ಆ ಹೆಣಗಳ ನಡುವೆ ತಮ್ಮನನ್ನೂ ಮಗನನ್ನೂ ಕರ್ಣನನ್ನೂ ಕಾಣುವ ದುರ್ಯೋಧನನಿಗೆ ಹೇಸಿಗೆಯಿಲ್ಲ, ಶೋಕವಿದೆ. ಓದುವ ನಮಗೆ ಬೀಭತ್ಸ, ನಡೆಯುವ ಅವನಿಗೆ ಕರುಣ. 'ರಣರಂಗ ಬೀಭತ್ಸವಾಗಿತ್ತು' ಎಂದು ಬರೆದು ಮುಗಿಸಿದರೆ ರನ್ನನ ಅರ್ಧ ಕಾವ್ಯ ಕೈಬಿಟ್ಟಹಾಗೆ.

ಈ ವಿಷಯದಲ್ಲಿ ರನ್ನನಿಗಿಂತಲೂ ಜನ್ನನು ಧೀರ. 1209ರ 'ಯಶೋಧರಚರಿತೆ'ಯ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಉಜ್ಜಯಿನಿಯ ರಾಣಿ ಅಮೃತಮತಿ ಅರಮನೆಯಲ್ಲಿ ಒಂದು ಹಾಡನ್ನು ಕೇಳಿ, ಹಾಡಿದವನಿಗೆ ಮನಸೋತು, ಅವನು ಯಾರೆಂದು ತಿಳಿದುಬರಲು ಕೆಳದಿಯನ್ನು ಕಳುಹಿಸುತ್ತಾಳೆ. ಹಾಡುಗಾರ ಆನೆಯ ಮಾವಟಿಗ ಅಷ್ಟಾವಂಕ. ಅವನ ಕುರೂಪವನ್ನು ಜನ್ನ ಅಂಗಾಂಗವಾಗಿ ಬಣ್ಣಿಸುತ್ತಾನೆ. ಹೇಸಿಗೆ ಹುಟ್ಟಿಸುವ ವರ್ಣನೆಗೆ ಕನ್ನಡದಲ್ಲಿ ಇದನ್ನು ಮೀರಿಸಿದ್ದು ವಿರಳ. ನಮ್ಮ ಕಣ್ಣಿಗೆ ಮುಖ್ಯವಾದುದು ಆ ರೂಪವನ್ನು ಮೊದಲು ಕಂಡು ಹೇಸುವವಳು ಕೆಳದಿ ಎಂಬ ಸಂಗತಿ. ಹಾಡು ಕಿವಿಯ ಮೂಲಕ ರಾಣಿಯನ್ನು ತಲುಪಿದೆ, ರೂಪ ಕೆಳದಿಯ ಕಣ್ಣಿನ ಮೂಲಕ ಮಾತ್ರ ತಲುಪುತ್ತದೆ. ಕೆಳದಿ ತನ್ನ ಹೇಸಿಗೆಯನ್ನು ರಾಣಿಗೆ ಒಪ್ಪಿಸಲು ನೋಡುತ್ತಾಳೆ, ರಾಣಿ ಅದನ್ನು ಸ್ವೀಕರಿಸುವುದಿಲ್ಲ. ಮುಂದೆ ಯಶೋಧರನು ಮರೆಯಲ್ಲಿ ನಿಂತು, ತಡವಾಗಿ ಬಂದಳೆಂದು ಮಾವಟಿಗನು ರಾಣಿಯನ್ನು ಬಡಿಯುವುದನ್ನೂ ಅವಳು ಅವನನ್ನೇ ಬೇಡಿಕೊಳ್ಳುವುದನ್ನೂ ಕಾಣುವಾಗ ಮೂರನೆಯದೊಂದು ಹೇಸಿಗೆ ಹುಟ್ಟುತ್ತದೆ. ಅದು ಮಾವಟಿಗನ ಮೈಯ ಮೇಲಿನದಲ್ಲ, ಅದನ್ನು ಬಯಸಿದ ಮನಸ್ಸಿನ ಮೇಲಿನದು. ಅಲ್ಲಿ ಎತ್ತಿದ ಕತ್ತಿಯನ್ನು ರಾಜನು ತಡೆಹಿಡಿಯುತ್ತಾನೆ.

ಈ ಮೂವರ ನಡುವೆ ಹೇಸಿಗೆ ಹಂಚಿಹೋಗದಿದ್ದರೆ ಕಾವ್ಯವೇ ನಡೆಯುತ್ತಿರಲಿಲ್ಲ. ಅಷ್ಟಾವಂಕ 'ಅಸಹ್ಯಕರ' ಎಂಬುದು ಒಂದು ಸ್ಥಿರವಾದ ಗುಣವಾಗಿದ್ದರೆ ಅಮೃತಮತಿ ಹುಚ್ಚಿಯಾಗಬೇಕು, ಇಲ್ಲವೆ ಕುರುಡಿಯಾಗಬೇಕು. ಜನ್ನ ಅವಳನ್ನು ಕ್ಷಮಿಸುವುದಿಲ್ಲ, ನಿಜ. ಅವನ ಧರ್ಮ ಅದಕ್ಕೆ ಎಡೆಗೊಡದು. ಆದರೂ ಅವಳಿಗೆ ಹೇಸಿಗೆಯಾಗಲಿಲ್ಲ ಎಂಬ ಸತ್ಯವನ್ನು ಅವನು ಮುಚ್ಚಿಡಲಿಲ್ಲ.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಇದೇ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಕೇಳುತ್ತದೆ. ಕೊಳೆಯುತ್ತಿರುವ ನಾರಣಪ್ಪನ ಹೆಣ, ಸಾಯುತ್ತಿರುವ ಇಲಿಗಳು, ಹದ್ದುಗಳು ಎಲ್ಲರ ಗಮನವನ್ನೂ ಸೆಳೆದಿವೆ. ಅವಕ್ಕಿಂತ ಸೂಕ್ಷ್ಮವಾದುದು ಪ್ರಾಣೇಶಾಚಾರ್ಯರ ಮನೆಯೊಳಗಿನ ಬದಲಾವಣೆ. ರೋಗಿಯಾದ ಭಾಗೀರಥಿಯನ್ನು ಅವರು ವರ್ಷಗಟ್ಟಲೆ ಎತ್ತಿ, ತೊಳೆದು, ಉಪಚರಿಸಿದ್ದಾರೆ, ಹೇಸಿಗೆ ಸುಳಿದಿಲ್ಲ. ಚಂದ್ರಿಯ ಸಂಗವಾದ ಮೇಲೆ ಅದೇ ದೇಹ ಅವರ ಕಣ್ಣಿಗೆ ಮೊದಲ ಸಲ ವಿರೂಪವಾಗಿ ಕಾಣುತ್ತದೆ. ದೇಹ ಬದಲಾಗಿಲ್ಲ, ನೋಡುವವನು ಬದಲಾಗಿದ್ದಾನೆ. ಹೇಸಿಗೆಯಿಲ್ಲದ ಆ ಹಿಂದಿನ ಸೇವೆ ಪ್ರೇಮವಾಗಿತ್ತೆ, ಅಥವಾ ಮೋಕ್ಷಕ್ಕಾಗಿ ಕೈಗೊಂಡ ವ್ರತವಾಗಿತ್ತೆ? ಹೇಸಿಗೆ ಹುಟ್ಟಿದ ಗಳಿಗೆಯಲ್ಲಿಯೇ ಆಚಾರ್ಯರು ಮನುಷ್ಯರಾದರು ಎಂಬ ಸುಲಭವಾದ ಉತ್ತರವನ್ನು ನಾವು ಒಪ್ಪುವುದಿಲ್ಲ, ಭಾಗೀರಥಿಯ ಕಡೆಯಿಂದ ನೋಡಿದರೆ ಆ ಮನುಷ್ಯತ್ವದ ಬೆಲೆಯನ್ನು ತೆತ್ತವಳು ಅವಳು.

ಕಾವ್ಯದಲ್ಲಿ ಇದು ವಿಮರ್ಶೆಯ ಸೂಕ್ಷ್ಮ, ಸಮಾಜದಲ್ಲಿ ಹಾಗಲ್ಲ. ಕನ್ನಡದಲ್ಲಿ 'ಹೊಲೆ' ಎಂದರೆ ಮೈಲಿಗೆ. ಆ ಪದಕ್ಕೂ ಒಂದು ಸಮುದಾಯದ ಹೆಸರಿಗೂ ಇರುವ ಸಂಬಂಧದ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವಿದೆ. 'ಹೊಲ'ದಿಂದ ಬಂದಿತೆನ್ನುವವರೂ ಉಂಟು. ವ್ಯುತ್ಪತ್ತಿ ಏನೇ ಇರಲಿ, ಹೇಸುವವರ ಭಾವವನ್ನು ಹೇಸಿಸಿಕೊಂಡವರ ಹೆಸರನ್ನಾಗಿ ಮಾಡಿ ಬಳಸಿದ್ದು ಚರಿತ್ರೆ. 12ನೆಯ ಶತಮಾನದ ವಚನಕಾರರು ಆ ಪದವನ್ನು ಹುಟ್ಟಿನಿಂದ ಕಿತ್ತು ನಡತೆಗೆ ಕಟ್ಟಲು ಯತ್ನಿಸಿದರು. ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು 'ಬೂಸಾ' ಎಂದು ಕರೆದುದಕ್ಕೆ ನಾಡೆಲ್ಲ ಉರಿದು, ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ದನದ ಮೇವಿನ ಒಂದು ಪದಕ್ಕೆ ಅಷ್ಟು ನೊಂದ ಸಾಹಿತ್ಯಾಭಿಮಾನಿಗಳು 'ಹೊಲೆ'ಯ ವಂಶದ ಪದಗಳನ್ನು ಶತಮಾನಗಳ ಕಾಲ ನೋವಿಲ್ಲದೆ ಆಡಿಕೊಂಡು ಬಂದಿದ್ದರು. ಎರಡು ವರ್ಷಗಳ ಬಳಿಕ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟು, ಹೇಸಿಗೆಯ ವಿಳಾಸವನ್ನು ಬರೆದವರಿಗೇ ಹಿಂದಿರುಗಿಸಿದರು.

ಈಗ ಆ ಉತ್ತರಪತ್ರಿಕೆಗೆ ಮರಳೋಣ. 'ಅಸಹ್ಯಕರ', 'ಜುಗುಪ್ಸಾಕರ', 'ಹೇಸಿಗೆಯ' ಎಂಬ ರೂಪಗಳನ್ನು ಕನ್ನಡದಿಂದ ಹೊರಗಟ್ಟಬೇಕೆಂಬುದು ನಮ್ಮ ವಾದವಲ್ಲ. ಕೊಳೆತ ಹಣ್ಣಿನ ಸಂಗತಿಯಲ್ಲಿ ಯಾರಿಗೆ ಎಂದು ಕೇಳುವುದು ವೃಥಾ ಪಾಂಡಿತ್ಯ. ಆದರೆ ಮನುಷ್ಯರನ್ನೂ ಅವರು ಮಾಡುವ ಕೆಲಸವನ್ನೂ ಕುರಿತ ವಾಕ್ಯದಲ್ಲಿ '-ಕರ' ಎಂಬ ಉತ್ತರಪದವನ್ನು ಬಳಸುವ ಭಾಷಾಂತರಕಾರ, ಇಂಗ್ಲಿಷ್ ವಿಶೇಷಣ ಮುಚ್ಚಿದ ಬಾಗಿಲನ್ನು ಕನ್ನಡದಲ್ಲಿಯೂ ಮುಚ್ಚುತ್ತಾನೆ. ಕನ್ನಡದಲ್ಲಿ ಅದು ಸಹಜವಾಗಿ ತೆರೆದಿದ್ದ ಬಾಗಿಲು. ವಿದ್ಯಾರ್ಥಿನಿ ಮೂಲಕ್ಕೆ ಏನನ್ನೂ ಸೇರಿಸಿರಲಿಲ್ಲ. ತನ್ನ ಭಾಷೆಯ ವ್ಯಾಕರಣ ಕೇಳಿದ್ದನ್ನು ಕೊಟ್ಟಿದ್ದಳು. ಇಂಗ್ಲಿಷ್ ವಾಕ್ಯವನ್ನು ಬರೆಯುವಾಗ ಕೆಲಸಗಾರರನ್ನು ದಂಡೆಯ ಮೇಲೆ ನಿಂತು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನೋಡಿದ್ದವರು ನಾವು. ಅಡಗಿಕೊಂಡಿದ್ದ ನಮ್ಮನ್ನು ಅವಳು ವಾಕ್ಯದೊಳಕ್ಕೆ ತಂದು ನಿಲ್ಲಿಸಿದಳು. ನಾವು ಕೆಂಪು ಗೆರೆ ಎಳೆದದ್ದು ನಮ್ಮ ಮೇಲೆಯೇ.

ಆದರೆ ವಿಚಾರಣೆ ಇಲ್ಲಿಗೆ ಮುಗಿಯದು. ಈ ಲೇಖನದ ಕರಡನ್ನು ಓದಿದ ನಮ್ಮ ಸಹೋದ್ಯೋಗಿಯೊಬ್ಬರು ಒಂದು ಆಕ್ಷೇಪವನ್ನೆತ್ತಿದರು. 'ನೋಡುವವರಿಗೆ ಹೇಸಿಗೆ' ಎಂದರೆ ಮಾಡುವವನಿಗೆ ಹೇಸಿಗೆಯಿಲ್ಲ ಎಂದಾಗುವುದಿಲ್ಲವೆ? ಅಭ್ಯಾಸಬಲದಿಂದ ಅವರಿಗೆ ಏನೂ ಅನ್ನಿಸುವುದಿಲ್ಲ ಎಂಬ ಮಾತು ಮೇಲುಜಾತಿಯವರ ಹಳೆಯ ಸಮಾಧಾನವಲ್ಲವೆ? ಗುಂಡಿಗೆ ಇಳಿಯುವವನಿಗೂ ಮೂಗಿದೆ. ಮನುಷ್ಯರನ್ನು ಒಳಚರಂಡಿಗೆ ಇಳಿಸಿ ಅಪಾಯಕ್ಕೊಡ್ಡುವುದನ್ನು 2013ರ ಕಾನೂನು ಅಪರಾಧವೆಂದು ಸಾರಿದ್ದು ದಂಡೆಯ ಮೇಲಿನವರ ಮೂಗಿಗಾಗಿ ಅಲ್ಲ. ಈ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. 'ಆ ಕೆಲಸ ಮಾಡುವವರಿಗೂ ನೋಡುವವರಿಗೂ ಹೇಸಿಗೆಯಾಗುವಂತಿತ್ತು' ಎಂದು ತಿದ್ದಿದೆವು. ಅದು ಎರಡು ಹೇಸಿಗೆಗಳನ್ನು ಒಂದೇ ತಕ್ಕಡಿಗೆ ಹಾಕುತ್ತದೆಂದು ಅವರು ಒಪ್ಪಲಿಲ್ಲ. 'ಆ ಕೆಲಸವನ್ನು ಮಾಡಿಸಲು ಯಾರೂ ಹೇಸಲಿಲ್ಲ' ಎಂದು ತಾವೇ ಒಂದು ವಾಕ್ಯವನ್ನು ಬರೆದು ನಮ್ಮ ಮುಂದಿಟ್ಟರು. ಮೂಲದ ವಿಶೇಷಣ ಅದರಲ್ಲಿ ಗುರುತು ಸಿಗದಷ್ಟು ಕರಗಿಹೋಗಿದೆ. ಭಾಷಾಂತರವೆಂದು ಅದನ್ನು ಒಪ್ಪಬಹುದೆ ಎಂಬುದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ವರ್ಷದ ತರಗತಿಗೆ ಅದೇ ಗದ್ಯಖಂಡವನ್ನು, ಈ ಮೂರು ಕನ್ನಡ ವಾಕ್ಯಗಳೊಡನೆ, ಕೊಡುವುದೆಂದು ಮಾತ್ರ ನಿಶ್ಚಯಿಸಿದ್ದೇವೆ.